ಗುಳಿಗೆ ಮತ್ತು ಅರ್ಧ ಕಪ್ ಚಹಾ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಬಚ್ಚಲು ಯಾವ ಕಡೆ ಇದೆ ಎಂದು. ಮುಜುಗರದ ಮಾತು, ಆದರೆ ನಿಮ್ಮ ಹತ್ತಿರ ಏನು ಮುಚ್ಚುಮರೆ? ಅರವತ್ತು ದಾಟಿದ ಮೇಲೆ ನನ್ನ ಮೂತ್ರಕೋಶಕ್ಕೆ ಸ್ವಂತ ಬುದ್ಧಿ ಬಂದಿದೆ. ಅದಕ್ಕೆ ಅವಸರವಾಯಿತೆಂದರೆ ಮನೆಯ ಬೀಗ ತೆಗೆಯುವಷ್ಟು ಪುರುಸೊತ್ತೂ ಇರುವುದಿಲ್ಲ.

ಯಜಮಾನರ ಕಾರ್ಖಾನೆಯ ನೌಕರಿಗೆಂದು ಗದಗ ಬಿಟ್ಟು ಕುಷಾಯಿಗೂಡಕ್ಕೆ ಬಂದಾಗ, ಇದೇ ಹೈದರಾಬಾದಿನಲ್ಲಿ ಅಕ್ಕ ಇದ್ದಾಳೆ ಎಂಬುದೇ ನನಗೆ ಧೈರ್ಯವಾಗಿತ್ತು. ಅವಳ ಮನೆ ಮಿಯಾಪುರದಲ್ಲಿ. ಆಟೋ, ಮೆಟ್ರೋ, ಅಮೀರ್‌ಪೇಟೆಯಲ್ಲಿ ಇಳಿದು ಇನ್ನೊಂದು ಮೆಟ್ರೋ. ವಾರವಾರವೂ ಹೋಗುತ್ತಿದ್ದವಳು ದಾರಿಯಲ್ಲಿ ಒಮ್ಮೆ ಸೀರೆ ಒದ್ದೆಯಾದ ಮೇಲೆ ಹೋಗುವುದನ್ನೇ ಬಿಟ್ಟೆ. ಮಂಡಿನೋವು, ನೆಂಟರು, ಬಿಸಿಲು ಎಂದು ಹೇಳಿಕೊಂಡ ನೆಪಗಳೆಲ್ಲ ಮುಗಿದವು.

"ಮಿಯಾಪುರ ಏನು ಲಂಡನ್ನಾಗ ಐತೇನು? ಭಾಳ ದೊಡ್ಡಾಕಿ ಆಗೀ ಬಿಡವಾ," ಎಂದು ಅಕ್ಕ ಫೋನಿಟ್ಟವಳು ಮತ್ತೆ ಮಾಡಲಿಲ್ಲ. ಅಷ್ಟು ಅಕ್ಕರೆಯಿದ್ದರೆ ತಾನೇ ಬರಬಹುದಿತ್ತಲ್ಲ ಎಂದು ನನಗೂ ಸಿಟ್ಟು. ಸಿಟ್ಟಿನ ಒಳಗೆ ಅವಳನ್ನು ಕಳೆದುಕೊಳ್ಳುವ ಭಯ.

ಆ ಭಯವೇ ನನ್ನನ್ನು ಡಾಕ್ಟರಮ್ಮನ ಬಳಿ ಕಳಿಸಿತು. ಅವರು ಸೋಂಕು, ಸಕ್ಕರೆ ಎಲ್ಲ ಪರೀಕ್ಷೆ ಮಾಡಿಸಿ, ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುವ ಮೂತ್ರಕೋಶದ ಸ್ನಾಯುವನ್ನು ಸಮಾಧಾನಪಡಿಸಲು ಒಂದು ಗುಳಿಗೆ ಬರೆದರು. ಫಲ ಕಾಣಲು ಕೆಲವು ವಾರ ಬೇಕು, ಬಾಯಿ ಒಣಗಬಹುದು ಎಂದರು. ಕೆಮ್ಮಿದಾಗ, ನಕ್ಕಾಗ ಸೋರುವುದು ಬೇರೆ ರೋಗ, ಅದಕ್ಕೆ ಈ ಗುಳಿಗೆಯಲ್ಲ, ವ್ಯಾಯಾಮ ಎಂದೂ ಹೇಳಿದರು.

ಬಾಯಿ ನಿಜಕ್ಕೂ ಒಣಗಿತು. ಪಾಪ, ಕೆಳಗಿನ ನಲ್ಲಿ ಯಾವುದು, ಮೇಲಿನ ನಲ್ಲಿ ಯಾವುದು ಎಂದು ಗುಳಿಗೆಗೇನು ಗೊತ್ತು? ಎರಡನ್ನೂ ತಿರುವಿ ಬಿಗಿ ಮಾಡುತ್ತದೆ. ಬಾಯಿ ಒಣಗಿತೆಂದು ನಾನು ಚೊಂಬುಗಟ್ಟಲೆ ನೀರು ಕುಡಿದೆ, ಮೇಲೆ ಚಹಾ ಕುಡಿದೆ, ಆಮೇಲೆ ಗುಳಿಗೆ ಕೆಲಸ ಮಾಡುತ್ತಿಲ್ಲವೆಂದು ಡಾಕ್ಟರಮ್ಮನಿಗೇ ದೂರು ಕೊಟ್ಟೆ. ಅವರು ಬಿದ್ದು ಬಿದ್ದು ನಕ್ಕರು. ನೀರು ಹಿತಮಿತವಾಗಿರಲಿ, ಬಾಯಲ್ಲಿ ಲವಂಗ ಇಟ್ಟುಕೊಳ್ಳಿ, ಚಹಾ ಅರ್ಧ ಕಪ್ ಸಾಕು ಎಂದರು.

ಅರ್ಧ ಕಪ್! ನಮ್ಮ ಮನೆತನದಲ್ಲಿ ಅದು ಸಣ್ಣ ಮಾತಲ್ಲ. "ಅರ್ಧ ಕಪ್ ಚಾ ಕೊಟ್ಟರ ಬಾಗಲಾ ತೋರಿಸಿದಂಗ," ಎನ್ನುತ್ತಿದ್ದಳು ಅವ್ವ. ಬಂದವರಿಗೆ ತಟ್ಟೆಗೆ ತುಳುಕುವಂತೆ ಕೊಡಬೇಕು, ಬಂದವರು ಒಂದು ಹನಿ ಬಿಡದೆ ಕುಡಿಯಬೇಕು. ನಮ್ಮ ಮರ್ಯಾದೆಯೆಲ್ಲ ಹೀಗೆ ಮೂತ್ರಕೋಶದ ಮೇಲೆಯೇ ನಿಂತಿದೆ ಎಂದು ಯಾರಿಗೆ ತಾನೇ ಹೊಳೆದಿತ್ತು?

ಕೆಲವು ವಾರ ಕಳೆದವು. ಸ್ನಾಯು ಸ್ವಲ್ಪ ಮಾತು ಕೇಳತೊಡಗಿತು. ಲವಂಗದ ಡಬ್ಬಿ ಹಿಡಿದು, ಎಲ್ಲ ದೇವರನ್ನೂ ನೆನೆದು ಹೊರಟೆ. ಅಮೀರ್‌ಪೇಟೆ ದಾಟಿದಾಗ ಪರೀಕ್ಷೆ ಪಾಸಾದಷ್ಟು ಖುಷಿ.

ಅಕ್ಕ ಬಾಗಿಲು ತೆರೆದಳು, ನಗಲಿಲ್ಲ. "ಬಾ, ಕೂಡು," ಎಂದು ಒಳಗೆ ಹೋಗಿ ಚಹಾ ತಂದಿಟ್ಟಳು. ನೋಡಿದರೆ ಅರ್ಧ ಕಪ್.

ನನ್ನ ಕಣ್ಣು ತುಂಬಿತು. ನಾನು ಬಯಸಿದ್ದು ಅಷ್ಟೇ ಚಹಾ, ಆದರೆ ಅಕ್ಕನ ಕೈಯಿಂದ ಅದು ಬಂದಾಗ ಎದೆ ಒಡೆದುಹೋಯಿತು. ಎದ್ದು ಹೊರಡೋಣವೆಂದು ತಲೆಯೆತ್ತಿದೆ. ಅವಳ ಕಪ್ಪಿನಲ್ಲಿಯೂ ಅರ್ಧವೇ ಇತ್ತು. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಬಾಯಿಗೆ ಹಾಕಿಕೊಂಡಳು.

"ಅಕ್ಕಾ, ನಿನಗೂ ಗುಳಿಗಿ ಕೊಟ್ಟಾರೇನು?"

ಅವಳು ನನ್ನ ಕೈಯಲ್ಲಿದ್ದ ಡಬ್ಬಿಯನ್ನೇ ನೋಡಿದಳು. "ಮತ್ತ್ಯಾಕ ನಿಮ್ಮ ಕಡೆ ಬರಲಿಲ್ಲ ಅಂದ್ಕೊಂಡಿ? ಅಮೀರ್‌ಪೇಟ್ ತನಕ ತಡಕೊಳ್ಳಾಕ ಆಗಬೇಕಲ್ಲವಾ!"

ನಾನು ಡಬ್ಬಿ ತೆರೆದು ಒಳಗಿನ ಲವಂಗ ತೋರಿಸಿದೆ. ಆಮೇಲೆ ಶುರುವಾದ ನಗು ನಿಲ್ಲಲೊಲ್ಲದು.

"ನಗಸಬ್ಯಾಡ ತಂಗಿ, ನಗಿಗೆ ಈ ಗುಳಿಗಿ ನಡಿಯಂಗಿಲ್ಲ!" ಎಂದು ಕಿರುಚುತ್ತ ಅಕ್ಕ ಎದ್ದಳು. ನಾನೂ ಎದ್ದೆ. ಹತ್ತಿರವಿದ್ದ ಬಚ್ಚಲು ಒಂದೇ. ಹಿರಿಯಳೆಂದು ಅವಳಿಗೇ ದಾರಿ ಬಿಟ್ಟೆ. ಅಕ್ಕತಂಗಿಯರ ಪ್ರೀತಿಯಲ್ಲಿ ಇದಕ್ಕಿಂತ ದೊಡ್ಡ ತ್ಯಾಗ ನನಗಂತೂ ತಿಳಿದಿಲ್ಲ.