ಉಂಡು, ಉಟ್ಟು, ಉಂಟು

ಮಗಳ ಯೂನಿಫಾರ್ಮಿನ ಬಟ್ಟೆಯ ಪೊಟ್ಟಣ ಬಿಚ್ಚಿದೆ. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಬಟ್ಟೆಯಂಗಡಿ ಕಾಕ ನೆನಪಾದರು. ಸುಳ್ಯ ಪೇಟೆಯ ಅವರ ಇಕ್ಕಟ್ಟಿನ ಅಂಗಡಿಗೆ ಕಾಲಿಟ್ಟರೆ ಸಾಕು, ಇದೇ ವಾಸನೆ…

ಕಾಕನ ಮನೆಮಾತು ಬ್ಯಾರಿ. ಆದರೆ ಗಿರಾಕಿಯ ಮುಖ ನೋಡಿದ ಕೂಡಲೇ ಅವರ ಭಾಷೆ ಬದಲಾಗುತ್ತಿತ್ತು. ಬಟ್ಟೆ ಇದೆಯೇ ಎಂದು ತುಳುವಿನವರು ಕೇಳಿದರೆ ‘ಉಂಡು’, ನಮ್ಮಂಥ ಅರೆಭಾಷೆಯವರಿಗೆ ‘ಉಟ್ಟು’, ಮಿಕ್ಕವರಿಗೆ ‘ಉಂಟು’. ಇಲ್ಲ ಎಂಬ ಮಾತು ಮಾತ್ರ ಅವರಿಗೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ನಮ್ಮ ಅವ್ವ ಬೇರೆ ಬಟ್ಟೆಯಂಗಡಿಯ ಮೆಟ್ಟಿಲು ಹತ್ತಿದವಳಲ್ಲ.

ಕಾಕ, ಅವ್ವ ಇಬ್ಬರಿಗೂ ಪ್ರೆಶರ್ ಇತ್ತು. ಕಾಕ ತಲೆ ತಿರುಗಿದ ದಿನ ಮಾತ್ರ ಮಾತ್ರೆ ನುಂಗುವವರು. “ತಲೆ ಸರಿ ಉಂಟಲ್ಲ ಮಾರಾಯ್ರೆ, ಮತ್ತೆ ಮಾತ್ರೆ ಎಂತಕ್ಕೆ?” ಎಂದು ಡಾಕ್ಟರನ್ನೇ ಕೇಳಿದ್ದರಂತೆ. ಅವ್ವನಿಗೆ ಅದು ವೇದವಾಕ್ಯವಾಯಿತು.

ಒಂದು ದಿನ ಅವ್ವ ರವಿಕೆ ಬಟ್ಟೆ ಕೇಳಿದಾಗ ಕಾಕ ಬ್ಯಾರಿಯಲ್ಲಿ ಉತ್ತರ ಕೊಟ್ಟರು. ಅವ್ವ ನಕ್ಕುಬಿಟ್ಟಳು. ಮೊದಲೇ ತಮಾಷೆಯ ಮನುಷ್ಯ, ಇದೂ ತಮಾಷೆ ಎಂದುಕೊಂಡೆವು. ತುಳುವಿನವರಿಗೆ ‘ಉಟ್ಟು’ ಎಂದಾಗ ಅವರೂ ನಕ್ಕರು. ಬೇರೆ ಊರಾಗಿದ್ದರೆ ಯಾರಾದರೂ ಗಾಬರಿಯಾಗುತ್ತಿದ್ದರೇನೋ. ಇಲ್ಲಿ ಎರಡು ಮೂರು ಭಾಷೆ ಕಲಸಿ ಆಡುವುದೇ ನಮ್ಮ ನಿತ್ಯದ ಆಟ. ಕಾಕನ ಬದಲು ಅವರ ಮಗ ಅಂಗಡಿಯಲ್ಲಿ ಕೂರತೊಡಗಿದ ಮೇಲೆಯೇ ನಮಗೆ ವಿಷಯ ಗೊತ್ತಾದದ್ದು.

ವರ್ಷಗಟ್ಟಲೆ ಏರಿದ್ದ ಪ್ರೆಶರ್ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸಿದೆ, ತಲೆ ತಿರುಗದಿದ್ದರೂ ಅದು ಒಳಗೊಳಗೇ ಕೆಲಸ ಮಾಡುತ್ತದೆ ಎಂದು ಡಾಕ್ಟರು ಹೇಳಿದರಂತೆ. ನಾವು ನೋಡಲು ಹೋದಾಗ ಕಾಕನ ಬಳಿ ಬ್ಯಾರಿ ಮಾತ್ರ ಉಳಿದಿತ್ತು. ಅವ್ವ ಎಂದಿನಂತೆ ಅರೆಭಾಷೆಯಲ್ಲಿ ಮಾತಾಡಿಸಿದಳು. ಕಾಕ ಏನೋ ಕೇಳುತ್ತಾ ಹೆಂಡತಿಯ ಮುಖ ನೋಡಿದರು. ಆಕೆ ಕಣ್ಣೊರೆಸಿಕೊಂಡು, “ನೀವು ಎಂತ ಹೇಳುದು ಅಂತ ಕೇಳ್ತಿದ್ದಾರೆ ಅಕ್ಕ” ಎಂದರು. ಅಷ್ಟು ವರ್ಷ ಅವರ ಅಂಗಡಿಯಲ್ಲಿ ಕೂತೆದ್ದ ನಮಗೆ ಬ್ಯಾರಿಯ ಒಂದು ವಾಕ್ಯವೂ ಬರುತ್ತಿರಲಿಲ್ಲ. ಕಾಕ ಇರುವಾಗ ಅದು ಬೇಕಾಗಿಯೇ ಇರಲಿಲ್ಲವಲ್ಲ… ನನಗೆ ಅಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ.

ಕಾಕ ಹೋದರು, ಹಿಂದೆಯೇ ಅಂಗಡಿಯೂ ಹೋಯಿತು. ಈಗ ಅಲ್ಲಿ ಮೊಬೈಲ್ ಮಾರುತ್ತಾರೆ. ಆ ದಾರಿಯಲ್ಲಿ ಹೋಗುವಾಗ ಇಂದಿಗೂ ಸಂಕಟವಾಗುತ್ತದೆ. ಅವ್ವನಿಗೆ ಮಾತ್ರೆ ನುಂಗಿಸಲು ದಿನವೂ ಜಗಳ. ಕೈಗೆ ಕೊಟ್ಟರೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ನುಂಗಿದೆ ಎನ್ನುತ್ತಾಳೆ.

ಮನೆಯೊಳಗೆ ನಾವು ಅರೆಭಾಷೆ ಬಿಟ್ಟು ಬೇರೆ ಮಾತಾಡಿದವರಲ್ಲ. ಇವತ್ತು ಬೆಳಿಗ್ಗೆ, ಮಾತ್ರೆ ಇನ್ನೂ ಇದೆಯೇ ಎಂದು ಅವ್ವನನ್ನು ಕೇಳಿದೆ.

“ಉಂಡು” ಎಂದಳು, ತುಳುವಿನಲ್ಲಿ.

ತಮಾಷೆ ಇರಬೇಕು… ಈಗ ನಗುತ್ತಾಳೆ, ಈಗ ನಗುತ್ತಾಳೆ ಎಂದು ಅವಳ ಮುಖವನ್ನೇ ನೋಡುತ್ತಾ ನಿಂತೆ.