ಕೊಲಂಬೊದಲ್ಲಿ ನನ್ನ ಕೊರಳ ಕರಡಿಗೆ

ಕೊಲಂಬೊದ ಮನೆಗೆ ಕಾಲಿಟ್ಟ ದಿನವೇ ನನ್ನ ಕಣ್ಣು ನಮ್ಮ ಮನೆಯವರ ಕೊರಳ ಮೇಲೆ ಬಿತ್ತು. ಅವರು ಅಂಗಿ ಕಳಚಿ ಮುಖ ತೊಳೆಯುತ್ತಿದ್ದರು. ಕೊರಳಲ್ಲಿ ಶಿವದಾರ ಇರಲಿಲ್ಲ, ಲಿಂಗವೂ ಇರಲಿಲ್ಲ.

ನಮ್ಮಲ್ಲಿ ಲಿಂಗ ಮೈಮೇಲಿಂದ ಇಳಿಯುವುದಿಲ್ಲ. ಯಲಬುರ್ಗಾದಲ್ಲಿ ನಮ್ಮ ಅತ್ತೆಗೆ ಜ್ವರ ಏರಿ ಎಚ್ಚರ ತಪ್ಪಿದಾಗಲೂ ಅವರ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬಿಟ್ಟಿರಲಿಲ್ಲ. ಅಂಥ ತಾಯಿಯ ಮಗ ಬರಿಗೊರಳಲ್ಲಿ ನಿಂತು ಸೋಪು ಹಚ್ಚಿಕೊಳ್ಳುತ್ತಿದ್ದಾರೆ.

"ಲಿಂಗ ಎಲ್ಲೈತ್ರಿ?" ಎಂದೆ.

"ದಾರ ಹರೀತು. ಟ್ರಂಕಿನ್ಯಾಗ ಇಟ್ಟೀನಿ."

"ದಾರಕ್ಕೇನು ಬರಗಾಲ ಬಿದ್ದೈತೇನ್ರಿ ಈ ಊರಾಗ?"

ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೇ ಹೇಳಿದರು: "ನಿಂದೂ ತಗದು ದೇವರ ಜಗಲಿ ಮ್ಯಾಲ ಇಡು. ಇಲ್ಲೆ ಸೆಕಿ ಭಾಳ."

ಸೆಕೆಯ ಮಾತನ್ನು ಬಿಸಿಲ ಸೀಮೆಯ ಯಲಬುರ್ಗಾದವಳಿಗೆ ಹೇಳುತ್ತಿದ್ದಾರೆ. ಏನೋ ಮುಚ್ಚಿಡುತ್ತಿದ್ದಾರೆ ಎಂದು ಆಗಲೇ ಅನ್ನಿಸಿತು.

ಅದು ಎರಡು ಸಾವಿರದ ಇಸವಿ. ಮನೆಯವರು ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಯಂತ್ರ ಕೂಡಿಸುವ ಫಿಟ್ಟರ್. ಅವರ ಮಾಲೀಕರು ಕೊಲಂಬೊದ ಹೊರಗೆ ಒಂದು ಗಿರಣಿಯ ಕೆಲಸ ಹಿಡಿದು ಇವರನ್ನು ಕಳಿಸಿದ್ದರು. ಆ ದೇಶದಲ್ಲಿ ಸರ್ಕಾರಕ್ಕೂ ತಮಿಳು ಬಂಡುಕೋರರಿಗೂ ಯುದ್ಧ ನಡೆದಿತ್ತು. "ಅದು ಭಾಳ ದೂರ, ಉತ್ತರದ ಕಡೆ. ಇಲ್ಲೆ ಬರೇ ಸಮುದ್ರ ಐತಿ" ಎಂದು ಫೋನಿನಲ್ಲಿ ಹೇಳಿ ನನ್ನನ್ನು ಕರೆಸಿಕೊಂಡಿದ್ದರು. ಬಂದು ನೋಡಿದರೆ ಸಮುದ್ರಕ್ಕಿಂತ ಮರಳಿನ ಚೀಲಗಳೇ ಹೆಚ್ಚು. ಬ್ಯಾಂಕಿನ ಮುಂದೆ, ಪೋಸ್ಟಾಫೀಸಿನ ಮುಂದೆ, ಶಾಲೆಯ ಮುಂದೆ ಕೂಡ ಚೀಲ, ಅದರ ಹಿಂದೆ ಬಂದೂಕು.

ಮರುದಿನ ಅವರು ಕೆಲಸಕ್ಕೆ ಹೋದ ಮೇಲೆ ಅವರ ಅಂಗಿಗಳನ್ನು ಒಂದೊಂದಾಗಿ ಮೂಸಿ ನೋಡಿದೆ. ಸೆರೆಯ ವಾಸನೆ ಇರಲಿಲ್ಲ, ಬರೀ ತೌಡಿನ ವಾಸನೆ. ಮಂಚದ ಕೆಳಗೆ ನೋಡಿದೆ. ಟ್ರಂಕು ತೆಗೆದೆ. ಬಿಳಿ ಬಟ್ಟೆಯಲ್ಲಿ ಲಿಂಗ ಇತ್ತು, ಅದರ ಮೇಲೆ ಅಂದಿನದೇ ವಿಭೂತಿ. ಕದ್ದು ಪೂಜೆ ಮಾಡುತ್ತಿದ್ದಾರೆ, ಕಟ್ಟಿಕೊಳ್ಳುತ್ತಿಲ್ಲ. ಪೂಜೆಯಾದರೂ ನಿಂತಿಲ್ಲವಲ್ಲ ಎಂದು ಶಿವನಿಗೆ ಕೈಮುಗಿದೆ. ಆದರೆ ಅನುಮಾನ ದುಪ್ಪಟ್ಟಾಯಿತು.

ಅದರ ಜೊತೆಗೆ ಮನೆಯ ಒಡತಿ. ಒಂದೇ ಮನೆಯ ಎರಡು ಭಾಗ; ಅವಳ ಕಿಟಕಿ ನಮ್ಮ ಪಡಸಾಲೆಗೆ ನೇರ. ಬೆಳಗ್ಗೆ ನಾನು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕುಳಿತರೆ ಸಾಕು, ಆ ಕಡೆ ಪರದೆ ಅಲುಗಾಡುತ್ತಿತ್ತು. ಅವಳಿಗೆ ಸಿನಿಮಾ ನೋಡಿ ಕಲಿತ ಹಿಂದಿ, ನನಗೆ ಗಂಗಾವತಿ ಸಂತೆಯ ಹಿಂದಿ. ಎರಡೂ ಹರಕು, ಅದಕ್ಕೆ ಕನ್ನಡದಲ್ಲೇ ಬರೆಯುತ್ತೇನೆ.

"ನೀನು ತಮಿಳಿನವಳಾ?" ಎಂದು ಕೇಳಿದಳು.

"ಅಲ್ಲ, ಕನ್ನಡ."

"ಹಾಗಂದರೆ ತಮಿಳೇ ಅಲ್ಲವಾ?"

"ಅಲ್ಲ ಅಂದೆನಲ್ಲ."

ಅವಳು ನಂಬಲಿಲ್ಲ. ನಾನೂ ಅವಳನ್ನು ನಂಬಲಿಲ್ಲ. ಪೊಲೀಸರಿಗೆ ಸುದ್ದಿ ಮುಟ್ಟಿಸುವವಳು ಇವಳೇ ಇರಬೇಕೆಂದು ತೀರ್ಮಾನ ಮಾಡಿಬಿಟ್ಟೆ. ಆದರೂ ಒಂದು ದಿನ ಕಾಯಿಪಲ್ಲೆ ಮುಗಿದು ಹೋಗಿ, ಪೇಟೆಗೆ ಹೊರಟ ಅವಳ ಹಿಂದೆಯೇ ಹೋದೆ. ಬೇರೆ ಯಾರ ಹಿಂದೆ ಹೋಗಲಿ?

ಪೇಟೆಯ ಬಾಯಿಗೆ ತಪಾಸಣೆ. ಹೆಂಗಸರಿಗೆ ತಗಡಿನ ಮರೆಯೊಳಗೆ ಒಬ್ಬ ಹೆಣ್ಣು ಸಿಪಾಯಿ. ಮೈ ತಡವುತ್ತಾ ಬಂದ ಅವಳ ಕೈ ನನ್ನ ಸೆರಗಿನ ಮೇಲೆ, ಕರಡಿಗೆ ಇದ್ದಲ್ಲಿ, ಗಕ್ಕನೆ ನಿಂತಿತು. ಹಿಂದೆ ಸರಿದು ಏನೋ ಕೂಗಿದಳು. ಬಂದೂಕು ಹಿಡಿದ ಇನ್ನೊಬ್ಬಳು ಒಳಗೆ ಬಂದಳು. ಹೊರಗಿದ್ದ ಒಡತಿಯನ್ನೂ ಕರೆದರು.

"ಕೊರಳಲ್ಲಿ ಇರುವುದನ್ನು ಬಿಚ್ಚಿ ಕೈಗೆ ಕೊಡು ಅನ್ನುತ್ತಿದ್ದಾರೆ" ಎಂದಳು ಒಡತಿ.

"ಕೈಗೆ ಕೊಡಲಿಕ್ಕೆ ಬರುವುದಿಲ್ಲ. ನಾನೇ ಬಿಚ್ಚಿ ತೋರಿಸುತ್ತೇನೆ. ಒಂದಿಷ್ಟು ನೀರು ಬೇಕು ಅಂತ ಹೇಳು."

ಊರು ಕೇರಿ ತಿರುಗಿ, ಕಂಡವರನ್ನೆಲ್ಲ ಮುಟ್ಟಿದ ಕೈ. ತೊಳೆಯದೆ ಲಿಂಗ ಮುಟ್ಟುವುದು ಹೇಗೆ? ನನ್ನ ಲೆಕ್ಕದಲ್ಲಿ ಅದಕ್ಕಿಂತ ಸಾದಾ ಮಾತು ಇರಲಿಲ್ಲ. ಒಡತಿ ಅದನ್ನು ಹೇಳಿದ ಕೂಡಲೇ ಇಬ್ಬರೂ ಸೇರಿ ನನ್ನ ಎರಡೂ ಮಣಿಕಟ್ಟು ಹಿಡಿದು ಗೋಡೆಗೆ ಒತ್ತಿದರು. ನೀರು ಕೇಳಿದರೆ ಯಾಕೆ ಇಷ್ಟು ಸಿಟ್ಟು ಎಂದು ತಿಳಿಯಲಿಲ್ಲ. ಲಿಂಗ ಕಿತ್ತುಕೊಂಡರೆ ಬದುಕಿ ಊರಿಗೆ ಹೋದರೂ ಯಾವ ಮುಖ ಹೊತ್ತು ಹೋಗಲಿ ಎಂಬುದೊಂದೇ ತಲೆಯಲ್ಲಿತ್ತು.

ಒಡತಿ ಅವರ ಸಿಂಹಳ ಮಾತಿನಲ್ಲಿ ಉದ್ದಕ್ಕೆ ಏನೋ ಹೇಳತೊಡಗಿದಳು. ಹಿಡಿದು ಕೊಡುತ್ತಿದ್ದಾಳೆ ಎಂದುಕೊಂಡೆ. ಆಗ ಅವಳು ತನ್ನ ಎಡಗೈಯನ್ನು ಮುಖದ ಮುಂದೆ ಹಿಡಿದು, ರೆಪ್ಪೆ ಬಡಿಯದೆ ಅಂಗೈ ನೋಡುತ್ತಾ, ತುಟಿ ಪಿಟಿಪಿಟಿ ಆಡಿಸಿದಳು. ಬೆಳಗ್ಗೆ ನಾನು ಕೂರುವುದು ಥೇಟ್ ಹಾಗೆಯೇ. ಕಿಟಕಿಯಿಂದ ಕದ್ದು ನೋಡಿದ್ದನ್ನೆಲ್ಲ ಅವಳು ಸಾಕ್ಷಿ ಹೇಳುತ್ತಿದ್ದಳು.

ಒಂದು ಕೈ ಬಿಟ್ಟರು. ಸಿಪಾಯಿ ತನ್ನ ಬಾಟಲಿ ನನಗೆ ಕೊಡದೆ ತಾನೇ ನನ್ನ ಬೆರಳ ಮೇಲೆ ನೀರು ಸುರಿದಳು. ಆಮೇಲೆ ಇನ್ನೊಂದು ಕೈಗೂ ಸುರಿದಳು. ಕರಡಿಗೆ ತೆರೆದು, ಬಟ್ಟೆ ಬಿಡಿಸಿ, ಲಿಂಗವನ್ನು ಅಂಗೈಯಲ್ಲಿಟ್ಟೆ. ಬಂದೂಕಿನವಳು ಬಗ್ಗಿ ನೋಡಿ ಏನೋ ಅಂದಳು.

"ಒಡೆದು ಒಳಗೇನಿದೆ ತೋರಿಸು ಅನ್ನುತ್ತಾಳೆ" ಎಂದಳು ಒಡತಿ.

"ಇದನ್ನು ಒಡೆಯುವ ಮೊದಲು ನನ್ನ ತಲೆ ಒಡೆಯಲಿ. ನನ್ನ ಅತ್ತೆ, ಅತ್ತೆಯ ಅತ್ತೆ ಯಾರೂ ಮಾಡದ ಕೆಲಸ ನಾನು ಮಾಡುವುದಿಲ್ಲ ಅಂತ ಹೇಳು."

ಒಡತಿ ಹೇಳಿದ್ದು ಎರಡೇ ಮಾತು. ನಾನು ಹೇಳಿದ್ದು ಅದಲ್ಲ ಎಂದು ಆಗಲೇ ಗೊತ್ತಾಯಿತು.

ಮೊದಲಿನ ಸಿಪಾಯಿ ಲೋಹ ಹುಡುಕುವ ಕೋಲನ್ನು ಬೆಳ್ಳಿಯ ಕರಡಿಗೆಯ ಹತ್ತಿರ ಹಿಡಿದಳು, ಕೀಂ ಎಂದಿತು. ಲಿಂಗದ ಹತ್ತಿರ ಹಿಡಿದಳು, ಸುಮ್ಮನಿತ್ತು. ಹೋಗು ಎಂದು ಕೈ ಮಾಡಿದಳು.

ದಾರಿಯಲ್ಲಿ ಒಡತಿ ಹೇಳಿದಳು, "ಕಾದಾಡುವವರು ಕೊರಳ ದಾರಕ್ಕೆ ವಿಷದ ಕುಪ್ಪಿ ಕಟ್ಟಿಕೊಂಡಿರುತ್ತಾರೆ. ಸಿಕ್ಕಿಬಿದ್ದರೆ ಬಾಯಿಗೆ ಹಾಕಿಕೊಳ್ಳುತ್ತಾರೆ. ನೀನು ಅಂಥಲ್ಲಿ ನೀರು ಕೇಳಿದರೆ ವಿಷ ನುಂಗಲಿಕ್ಕೇ ಅಂದುಕೊಳ್ಳುತ್ತಾರೆ. ನಿನ್ನ ಗಂಡನನ್ನೂ ಮೊದಲು ಹೀಗೇ ಹಿಡಿದು ಕೂಡಿಸಿದ್ದರು. ಹೇಳಲಿಲ್ಲವಾ?"

"ಇಲ್ಲ. ನೀನು ನಮ್ಮ ಮನೆಯೊಳಗೆ ಯಾಕೆ ಇಣುಕುತ್ತಿದ್ದೆ?"

"ಯಾರಿಗೆ ಮನೆ ಕೊಟ್ಟಿದ್ದೇನೆ ಅಂತ ನನಗೆ ಗೊತ್ತಾಗಬೇಕಲ್ಲ" ಎಂದಳು, ನಾಚಿಕೆ ಇಲ್ಲದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ವಿಷಯ ಮೊದಲೇ ಎಲ್ಲಿಗಾದರೂ ಮುಟ್ಟಿಸಿದ್ದಳೋ ಇಲ್ಲವೋ, ಅದನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸಂಜೆ ಮನೆಯವರು ಬಂದಾಗ ರೊಟ್ಟಿ ಬಡಿಯುತ್ತಲೇ ಕೇಳಿದೆ: "ನಿಮ್ಮನ್ನ ಹಿಡದಿದ್ರಂತಲ್ಲ. ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬರ್ತಿದ್ದಿಲ್ಲ."

"ಬರ್ತಿದ್ದೆ. ದಾರ ಹರೀತು ಅನ್ನೂದು ಬ್ಯಾಡಾಗಿತ್ತು."

ಅವರು ತಲೆ ತಗ್ಗಿಸಿ ಚಟ್ನಿ ಕಲಸಿದರು. "ನಾಳಿಂದ ನೀನೂ ತಗದಿಟ್ಟು ಹೋಗು. ಶಿವ ಏನೂ ಅನ್ನಂಗಿಲ್ಲ."

"ಶಿವ ಅನ್ನಂಗಿಲ್ಲ, ಖರೆ. ನನಗ ಆಗಂಗಿಲ್ಲ."

"ಹಟಮಾರಿ ಅದಿ ನೀನು."

"ಹೌದು. ನಿಮ್ಮವ್ವ ನೋಡೇ ತಂದಾರ."

ನಕ್ಕರು. ನಾನು ಕೊಲಂಬೊಗೆ ಬಂದ ಮೇಲೆ ಅವರು ನಕ್ಕದ್ದನ್ನು ಕಂಡದ್ದು ಆಗಲೇ. ಆದರೆ ಟ್ರಂಕಿನೊಳಗಿನದನ್ನು ಅವರು ತೆಗೆದು ಕಟ್ಟಿಕೊಳ್ಳಲಿಲ್ಲ. ಗಿರಣಿಗೆ ಹೋಗುವ ದಾರಿಯಲ್ಲಿ ಅವರು ಎಷ್ಟು ತಪಾಸಣೆ ದಾಟಬೇಕಿತ್ತೋ, ನಾನೂ ಮತ್ತೆ ಒತ್ತಾಯಿಸಲಿಲ್ಲ.

ಕಾಯಿಪಲ್ಲೆ ಮುಗಿದಾಗ ಮತ್ತೆ ಅದೇ ದಾರಿಗೆ ಹೋದೆ, ಈ ಸಲ ಒಬ್ಬಳೇ. ಅದೇ ಹೆಣ್ಣು ಸಿಪಾಯಿ. ಅವಳು ನನ್ನನ್ನು ಗುರುತು ಹಿಡಿದಳು, ಆದರೂ ಬಿಡಲಿಲ್ಲ. ಸೆರಗಿನ ಕಡೆ ಕೈ ತೋರಿಸಿದಳು. ನಾನು ಎರಡೂ ಕೈ ಮುಂದೆ ಚಾಚಿದೆ. ಅವಳು ಬಾಟಲಿಯ ಮುಚ್ಚಳ ತಿರುವಿ, ನನ್ನ ಕೈಗೆ ಸಿಗದಷ್ಟು ಮೇಲೆ ಹಿಡಿದು, ನೀರು ಸುರಿದಳು. ಲಿಂಗ ತೆಗೆದು ಅಂಗೈಯಲ್ಲಿಟ್ಟೆ. ಅವಳು ತನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಚೆನ್ನಾಗಿ ನೋಡಿದಳು.