ಕುರಿಮಂದೆಯ ಹಿಂದೆ, ಒಂದು ಸಹಿಗಾಗಿ

ಗುರುವಾರ ಬೆಳಿಗ್ಗೆ ಚಿತ್ರದುರ್ಗದ ಅಂಚೆ ಕಚೇರಿಯ ಕೌಂಟರಿನಿಂದ ನನ್ನ ಪ್ರಯಾಣ ಶುರುವಾಯಿತು. ಸ್ಪೀಡ್ ಪೋಸ್ಟ್ ಎಷ್ಟು ಹೊತ್ತಿನವರೆಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ಗುಮಾಸ್ತರು ಕಿವಿಗೆ ಅಂಗೈ ಹಿಡಿದು, "ಜೋರಾಗಿ ಹೇಳಮ್ಮ. ಒಳಗೊಳಗೇ ಮಾತಾಡ್ಕಂಡ್ರೆ ನನಗೆಂಗೆ ಕೇಳ್ಬೇಕು?" ಎಂದರು. ಎರಡನೇ ಸಲ ಕೇಳಿಸಿತು. ಸಂಜೆ ನಾಲ್ಕರವರೆಗೆ. ಸೋಮವಾರ ಚೆನ್ನೈ ಮುಟ್ಟಬೇಕಿದ್ದ ನನ್ನ ಲಕೋಟೆ ಶುಕ್ರವಾರ ನಾಲ್ಕರೊಳಗೆ ಅಲ್ಲಿಂದಲೇ ಹೊರಡಬೇಕಿತ್ತು; ಸಣ್ಣ ಊರುಗಳ ಕಚೇರಿಗಳಿಂದ ಟಪಾಲು ಮಧ್ಯಾಹ್ನಕ್ಕೇ ಹೊರಟುಬಿಡುತ್ತದೆ.

ಲಕೋಟೆಯಲ್ಲಿ ಎಲ್ಲವೂ ಇತ್ತು, ಅಪ್ಪನ ಸಹಿಯೊಂದನ್ನು ಬಿಟ್ಟು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಯಾರಿಗೂ ಹೇಳದೆ ಸೇನೆಯ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಿ, ಬೆಂಗಳೂರಿನಲ್ಲಿ ಐದು ದಿನದ ಆಯ್ಕೆ ಪರೀಕ್ಷೆ, ಆಮೇಲೆ ವೈದ್ಯಕೀಯ ತಪಾಸಣೆ ಎರಡನ್ನೂ ದಾಟಿದ್ದೆ. ಇನ್ನು ಚೆನ್ನೈನಲ್ಲಿ ತರಬೇತಿ. ಅದಕ್ಕೆ ಬರೆದುಕೊಡುವ ಒಪ್ಪಂದ ಪತ್ರಕ್ಕೆ ನನ್ನ ಜೊತೆ ತಂದೆಯೂ ಸಹಿ ಹಾಕಬೇಕು, ಒಬ್ಬರು ಸಾಕ್ಷಿ ಇರಬೇಕು. ಅಪ್ಪನಿಗೆ ಈ ಯಾವುದೂ ಗೊತ್ತಿರಲಿಲ್ಲ. ಅಪ್ಪ ಎಲ್ಲಿದ್ದಾನೆ ಎಂಬುದು ನನಗೂ ಗೊತ್ತಿರಲಿಲ್ಲ.

ನಮ್ಮದು ಕುರಿ ಸಾಕುವ ಮನೆ. ಸುಗ್ಗಿ ಮುಗಿದ ಮೇಲೆ ಅಪ್ಪ ಇನ್ನೆರಡು ಮನೆಯವರ ಜೊತೆ ಮಂದೆ ಹೊಡೆದುಕೊಂಡು ಪಡುವಲಿಗೆ, ಭದ್ರಾ ನಾಲೆಯ ಗದ್ದೆಗಳ ಕಡೆಗೆ ಹೋಗುತ್ತಾನೆ. ದಾರಿಯುದ್ದಕ್ಕೂ ರೈತರು ಗೊಬ್ಬರಕ್ಕಾಗಿ ತಮ್ಮ ಹೊಲಗಳಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಅಪ್ಪನ ಫೋನು ಯಾರದೋ ಮನೆಯಲ್ಲಿ ಚಾರ್ಜಿಗೆ ಹಾಕಿದ ದಿನ ಮಾತ್ರ ಬದುಕಿರುತ್ತದೆ.

ಒಂಬತ್ತೂವರೆಯ ಬಸ್ಸಿಗೆ ಹಿರಿಯೂರಿಗೆ ಹೊರಟೆ. ಆಧಾರ್ ತೋರಿಸಿದೆ, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ನಲವತ್ತು ಕಿಲೋಮೀಟರ್ ಹೆದ್ದಾರಿ ಮುಕ್ಕಾಲು ಗಂಟೆಗೆಲ್ಲ ಮುಗಿಯಿತು. ಈ ಹೆದ್ದಾರಿ ಇಷ್ಟು ಅಗಲವಾಗುವ ಮೊದಲು ಅಪ್ಪ ಇದೇ ರಸ್ತೆಯಲ್ಲಿ ಮಂದೆ ದಾಟಿಸುತ್ತಿದ್ದದ್ದು ನೆನಪಿದೆ. ಡ್ರೈವರುಗಳು ಎಷ್ಟೇ ಹಾರನ್ ಹೊಡೆಯಲಿ, ಅವನು ಕುರಿಗಳನ್ನು ಅವಸರಪಡಿಸುತ್ತಿರಲಿಲ್ಲ. "ಬಸ್ಸಿನಾಗೆ ಇರೋರು ಕುಂತವ್ರೆ, ನನ್ ಕುರಿ ನಡೀತಾ ಅವೆ. ಕುಂತೋರು ಕಾಯ್ಲಿ" ಎನ್ನುತ್ತಿದ್ದ.

ಹಿರಿಯೂರಿನಿಂದ ಆಟೋದಲ್ಲಿ ನಮ್ಮ ಹಟ್ಟಿಗೆ ಹೋದೆ. ಅವ್ವನಿಗೆ ವಿಷಯ ಹೇಳಿ ಎರಡು ದಿನವಷ್ಟೇ ಆಗಿತ್ತು.

"ಮೊದ್ಲೇ ಹೇಳಿದ್ರೆ ಏನಾಗ್ತಿತ್ತೇ?"

"ಆಗದೇ ಹೋಗಿದ್ದರೆ?"

"ಆಗದೇ ಇದ್ದಿದ್ದನ್ನ ಹೇಳಲ್ಲ ಸರಿ, ಆಗಿದ್ದನ್ನಾದ್ರೂ ನೀನು ಹೇಳೋಳೇ? ಪೊಲೀಸ್ನೋರು ವಿಚಾರ್ಸಕ್ಕೆ ಬಂದಿದ್ದಕ್ಕೆ ಹೇಳ್ದೆ."

ಅದು ನಿಜವೇ; ಆಯ್ಕೆಯಾದವರ ಬಗ್ಗೆ ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ. ಅಪ್ಪ ಸೋಮವಾರ ಮತ್ತೋಡಿನಿಂದ, ರುದ್ರಕ್ಕ ಎಂಬುವರ ಹೊಲದಿಂದ ಫೋನ್ ಮಾಡಿದ್ದನಂತೆ. ಅವ್ವ ರೊಟ್ಟಿಯ ಗಂಟು ಕೈಗಿಟ್ಟು, "ನಿಮ್ಮಪ್ಪ ಸೈನು ಹಾಕ್ತಾನೋ ಇಲ್ವೋ ನಾ ಕಾಣೆ. ಅವಳ ದನಿ ಹಟ್ಟಿ ಬಾಗ್ಲು ದಾಟಲ್ಲ, ಹೊರಗೆ ಹೆಂಗೆ ಬದುಕ್ತಾಳೋ ಅಂತಿರ್ತಾನೆ. ಅಲ್ಲಿ ನೋಡಿದ್ರೆ ಮಿಲ್ಟ್ರಿ ಅಂತೀಯ" ಎಂದಳು.

ಹಿರಿಯೂರಿನಿಂದ ಹೊಸದುರ್ಗಕ್ಕೆ ಸುಮಾರು ಎರಡು ಗಂಟೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸೋಮಾರಿಯಾಗಿ ತಿರುಗುತ್ತಿದ್ದವು. ಬಿಸಿಲಿದ್ದರೂ ಜನವರಿಯ ಗಾಳಿ ತಣ್ಣಗಿತ್ತು. ಹೊಸದುರ್ಗದಲ್ಲಿ ಬಸ್ಸು ಬದಲಿಸಿ, ಖಾಸಗಿ ಬಸ್ಸಿಗೆ ಮೂವತ್ತು ರೂಪಾಯಿ ಕೊಟ್ಟು ಮತ್ತೋಡಿಗೆ ಬಂದಾಗ ಎರಡೂವರೆ. ರುದ್ರಕ್ಕ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಅಯ್ಯೋ, ಮಂಗಳವಾರ ಬೆಳಿಗ್ಗೇನೇ ಎದ್ದೋದ್ರು ಕಣವ್ವ, ಹೊಳಲ್ಕೆರೆ ದಾರಿ ಹಿಡಿದು. ಬಾ, ಉಂಡು ಹೋಗುವಂತೆ."

ಮನೆಯ ಹಿಂದಿನ ಹೊಲದಲ್ಲಿ ಮಂದೆ ಮಲಗಿದ್ದಷ್ಟೂ ಜಾಗ ಕಪ್ಪಾಗಿತ್ತು. ಬಿಸಿ ಮುದ್ದೆ, ಅವರೆಕಾಳಿನ ಸಾರು. ನಾನು ಬಂದ ಕಾರಣವನ್ನು ರುದ್ರಕ್ಕ ಮೂರು ಪ್ರಶ್ನೆಗಳಲ್ಲಿ ಹೊರಗೆ ಎಳೆದರು.

"ಮಿಲ್ಟ್ರಿಯಾಗೆ ಹೆಣ್ಮಕ್ಕಳಿಗೆ ಏನು ಕೆಲಸ? ಅಡಿಗೇನಾ?"

"ಅಲ್ಲ ಅಕ್ಕ. ಸಂಪರ್ಕ ವ್ಯವಸ್ಥೆ, ಸೇತುವೆ ಕಟ್ಟೋದು, ಸಾಮಾನು ಸಾಗಿಸೋದು, ಕಾನೂನು, ಆಸ್ಪತ್ರೆ. ಕೆಲಸದಲ್ಲಿದ್ದುಕೊಂಡೇ ಮುಂದೆ ಓದಲೂಬಹುದು."

"ಬಂದೂಕ?"

"ಅದನ್ನೂ ಕಲಿಸ್ತಾರೆ."

"ಹಂಗಾದ್ರೆ ಒಂದು ಮುದ್ದೆ ಸಾಲಲ್ಲ" ಎಂದು ಇನ್ನೊಂದು ಇಟ್ಟರು.

ಊಟದ ನಂತರ ನಾನು ಲೆಕ್ಕ ಹಾಕಿದೆ. ನಡೆಯುವ ಮಂದೆ ದಿನಕ್ಕೆ ಹದಿನೈದು ಕಿಲೋಮೀಟರ್ ಸಾಗುತ್ತದೆ. ಮಂಗಳವಾರದಿಂದ ಶುಕ್ರವಾರ ಬೆಳಿಗ್ಗೆಗೆ ಮೂರು ದಿನ. ಫೋನಿನ ಮ್ಯಾಪಿನಲ್ಲಿ ಅಳೆದೆ. ಹೊಳಲ್ಕೆರೆ ದಾಟಿ ಚಿಕ್ಕಜಾಜೂರಿನ ಹತ್ತಿರ ಇರಬೇಕು. ಚಿಕ್ಕಜಾಜೂರಿನಲ್ಲಿ ನಮ್ಮ ಹಟ್ಟಿಯ ತಿಪ್ಪೇಸ್ವಾಮಣ್ಣ ಇದ್ದಾರೆ. ಸೇನೆಯಿಂದ ನಿವೃತ್ತರಾಗಿ ರೈಲ್ವೆಯಲ್ಲಿ ಕೆಲಸಕ್ಕಿರುವವರು. ಅಪ್ಪ ಪ್ರತಿವರ್ಷ ಅವರನ್ನು ಮಾತಾಡಿಸದೆ ಮುಂದೆ ಹೋಗುವುದಿಲ್ಲ. ಲೆಕ್ಕ ಸರಿಯಾಗಿದೆ ಎನಿಸಿತು. ಸಂಜೆ ಆರಕ್ಕೆ ಹೊಳಲ್ಕೆರೆ ತಲುಪಿ, ಹಾಸ್ಟೆಲಿನ ಗೆಳತಿಯ ಮನೆಯಲ್ಲಿ ತಂಗಿದೆ. ಅವಳಿಗೂ ಕೆಲಸದ ಮೇಲೆ ಬಂದೆ ಎಂದಷ್ಟೇ ಹೇಳಿದೆ.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಮಂಜು ದಟ್ಟವಾಗಿತ್ತು. ಚಿಕ್ಕಜಾಜೂರು ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಜನ ಶಾಲು ಹೊದ್ದು ಟೀ ಕುಡಿಯುತ್ತಿದ್ದರು. ತಿಪ್ಪೇಸ್ವಾಮಣ್ಣ ಪಾಳಿ ಮುಗಿಸಿ ಹೊರಗೆ ಬರುತ್ತಿದ್ದರು. ಅಪ್ಪ ಈ ಸಲ ಇನ್ನೂ ಅವರ ಬಳಿ ಬಂದಿರಲಿಲ್ಲ.

ಅವರು ಸ್ಟೇಷನ್ ಹೊರಗಿನ ಹೋಟೆಲಿನಲ್ಲಿ ಇಡ್ಲಿ ತರಿಸಿ, ನನ್ನ ಆಯ್ಕೆಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಓದಿ ಎದ್ದು ನಿಂತು, ಇಡ್ಲಿ ತಿನ್ನುತ್ತಿದ್ದ ನನಗೆ ಸೆಲ್ಯೂಟ್ ಹೊಡೆದರು. ಇಡೀ ಹೋಟೆಲು ನೋಡಿತು. ನಾನು ತಟ್ಟೆ ನೋಡಿದೆ.

"ತಲೆ ಎತ್ತವ್ವ. ಸೆಲ್ಯೂಟಿಗೆ ವಾಪಸ್ ಕೊಡ್ಬೇಕು, ಅಭ್ಯಾಸ ಮಾಡ್ಕ" ಎಂದು ನಕ್ಕರು. ಆಮೇಲೆ ತಮ್ಮ ಕಥೆ ಹೇಳಿದರು. "ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮಿಲ್ಟ್ರಿ ಸೇರ್ದೋನು. ಹಿಂದಿ ಬರ್ತಿರಲಿಲ್ಲ, ಇಂಗ್ಲಿಷ್ ಕೇಳ್ಬೇಡ. ಸಿಗ್ನಲ್ ಕೆಲಸ ಕಲಿಸಿದ್ರು. ಪಿಯುಸಿ ಅಲ್ಲೇ, ಡಿಗ್ರಿ ಅಲ್ಲೇ, ಅಂಚೆ ಮೂಲಕ. ಹಿಮದಾಗೆ ಕೈಗವಸು ಹಾಕ್ಕಂಡು ನೋಟ್ಸ್ ಬರ್ದೀನಿ. ಅಲ್ಲಿ ಕಲ್ತ ಸಿಗ್ನಲ್ಲೇ ಇಲ್ಲಿ ಅನ್ನ ಹಾಕ್ತಾ ಐತೆ. ಮಗಳಿಗೆ ಮಾಜಿ ಸೈನಿಕರ ಕೋಟಾದಾಗೆ ಸೀಟು ಸಿಕ್ತು. ನಾನು ಹವಾಲ್ದಾರ್ ಆಗೋ ಹೊತ್ಗೆ ತಲೆ ನರೆತಿತ್ತು. ನೀನು ಶುರುವಿಗೇ ಲೆಫ್ಟಿನೆಂಟು!"

ನಾನು ನನ್ನ ಲೆಕ್ಕ ತೋರಿಸಿ, ಅಪ್ಪ ಈಗಾಗಲೇ ಮುಂದೆ ಹೋಗಿರಬಹುದೇ ಎಂದು ಕೇಳಿದೆ. ಅವರು ಟೀ ಲೋಟ ಕೆಳಗಿಟ್ಟರು.

"ಲೇ ತಂಗಿ, ಇದು ಕುರಿ ಮರಿ ಹಾಕೋ ಕಾಲ. ಮರಿ ಹಾಕಿದ ಕುರಿ ಬಿಟ್ಟು ನಿಮ್ಮಪ್ಪ ಹೆಜ್ಜೆ ಎತ್ತಿಡ್ತಾನಾ? ಎಂ.ಎಸ್ಸಿ. ಓದಿದ್ಮೇಲೆ ಕುರಿ ಮನೆ ಮಗಳಿಗೆ ಇದು ಮರ್ತೋಯ್ತಾ?"

ನಾನು ನಿಜಕ್ಕೂ ಮರೆತಿದ್ದೆ. ಹದಿನೈದು ಕಿಲೋಮೀಟರನ್ನು ಮೂರರಿಂದ ಗುಣಿಸುವಾಗ ಒಂದು ಮರಿಯೂ ನೆನಪಿಗೆ ಬಂದಿರಲಿಲ್ಲ. ಅಪ್ಪನನ್ನು ದಾಟಿ ನಾನೇ ಮುಂದೆ ಬಂದುಬಿಟ್ಟಿದ್ದೆ. ಗಂಟೆ ಎಂಟೂವರೆಯಾಗಿತ್ತು.

"ಗಾಡಿ ಹತ್ತು. ಹುಡುಕಾಣ" ಎಂದರು ತಿಪ್ಪೇಸ್ವಾಮಣ್ಣ. ಅವರ ಬೈಕಿನ ಹಿಂದೆ ಕೂತು ಹೊಳಲ್ಕೆರೆ ದಾಟಿ ಹೊಸದುರ್ಗದ ರಸ್ತೆ ಹಿಡಿದೆವು. ನಿನ್ನೆ ಸಂಜೆ ನಾನು ಬಸ್ಸಿನಲ್ಲಿ ತೂಕಡಿಸುತ್ತಾ ಬಂದ ರಸ್ತೆ ಅದು. ಮೂರು ಕಡೆ ಕೇಳಿದೆವು. ನಾಲ್ಕನೆಯ ಕಡೆ, ಟೀ ಅಂಗಡಿಯವನು ಉತ್ತರ ಹೇಳದೆ ಕೈ ತೋರಿಸಿದ. ರಸ್ತೆಯ ಎಡಕ್ಕೆ, ಕೊಯ್ದ ಜೋಳದ ಹೊಲದಲ್ಲಿ ಮಂದೆ. ಬಲೆಯ ಬೇಲಿಯೊಳಗೆ ಒಂಬತ್ತು ಎಳೆ ಮರಿಗಳು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅಪ್ಪ ಒಂದು ಮರಿಗೆ ಹಾಲು ಕುಡಿಸುತ್ತಿದ್ದ.

"ಏನವ್ವ, ಇಷ್ಟು ದೂರ? ಅವ್ವ ಚೆನ್ನಾಗವಳಾ?"

ಚೆನ್ನಾಗಿದ್ದಾಳೆ ಎಂದೆ. ನಂತರ ವಿಷಯವನ್ನು ನಾಲ್ಕೈದು ವಾಕ್ಯಗಳಲ್ಲಿ ಹೇಳಿ ಪತ್ರ ಮುಂದೆ ಹಿಡಿದೆ. ಅಪ್ಪ ಅದನ್ನು ಮುಟ್ಟಲಿಲ್ಲ. ಮರಿ ಕುಡಿಯುವುದು ಮುಗಿಯಲೆಂದು ಕಾದ. ತಿಪ್ಪೇಸ್ವಾಮಣ್ಣ ಏನೋ ಹೇಳಲು ಹೋದಾಗ ಕೈಯೆತ್ತಿ ತಡೆದ.

"ಹೋದ ಬೇಸಿಗೆ ರಜದಾಗೆ ನಸುಕಿಗೇ ಎದ್ದು ಕೆರೆ ಏರಿ ಮ್ಯಾಲೆ ಓಡ್ತಿದ್ದೆಯಲ್ಲ, ಇದಕ್ಕೇನಾ?"

"ಹೌದು."

"ನಾನು ಕುರೀನ ದಿನಕ್ಕೆ ಎರಡು ಸಲ ಎಣಿಸ್ತೀನಿ. ಮಗಳು ಎತ್ಲಾಗೆ ಹೋಗ್ತಾಳೆ ಅಂತ ನೋಡಲ್ಲ ಅಂದ್ಕಂಡಿದ್ಯಾ?" ಮರಿಯನ್ನು ಕೆಳಗೆ ಬಿಟ್ಟ. "ಓಡ್ತೀಯ, ಓದ್ತೀಯ, ಸರಿ. ಅಲ್ಲಿ ನೂರಾರು ಜನಕ್ಕೆ ಕೂಗಿ ಹೇಳ್ಬೇಕಂತಲ್ಲ. ನಿನ್ ದನಿ ನನಗೇ ಕೇಳಲ್ಲ."

ಅಪ್ಪ ದೂರಕ್ಕೆ ಕೋಲು ಚಾಚಿದ. ಮಂದೆಯ ಅರ್ಧ ಭಾಗ ಹೊಲದ ಆ ತುದಿಯಲ್ಲಿ ಮೇಯುತ್ತಿತ್ತು. "ಅವನ್ನ ಕೂಗಿ ಕರಿ, ನೋಡಾಣ."

ಏಳನೇ ತರಗತಿಯವರೆಗೆ ರಜೆಯಲ್ಲಿ ನಾನೂ ಮಂದೆಯ ಹಿಂದೆ ಹೋಗುತ್ತಿದ್ದೆ. ನೀರಿಗೆ ಕರೆಯುವ ಕೂಗು ಒಂದಿದೆ. ಅದು ಗಂಟಲಿನಿಂದಲ್ಲ, ಹೊಟ್ಟೆಯಿಂದ ಬರಬೇಕು. ಹನ್ನೆರಡು ವರ್ಷ ಅದನ್ನು ಕೂಗಿರಲಿಲ್ಲ. ಚಪ್ಪಲಿ ಬಿಟ್ಟೆ, ಕಣ್ಣು ಮುಚ್ಚಿದೆ, ಕೂಗಿದೆ.

ಮೊದಲು ಒಂದು ಟಗರು ತಲೆ ಎತ್ತಿತು. ಆಮೇಲೆ ಇಡೀ ಹೊಲ ತಿರುಗಿತು. ಧೂಳೆಬ್ಬಿಸಿಕೊಂಡು ಅವೆಲ್ಲ ನನ್ನ ಕಡೆಗೆ ಬಂದವು. ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಕೂತಿದ್ದವರು ಎದ್ದು ನಿಂತರು. ಬೆಂಗಳೂರಿನ ಆ ಐದು ದಿನಗಳಲ್ಲಿಯೂ ನಾನು ಅಷ್ಟು ದೊಡ್ಡ ದನಿ ತೆಗೆದಿರಲಿಲ್ಲ.

"ಪೆನ್ನು ಕೊಡು" ಎಂದ ಅಪ್ಪ.

ಕೈ ಒರೆಸಿಕೊಂಡು, ತಿಪ್ಪೇಸ್ವಾಮಣ್ಣನ ಬೈಕಿನ ಸೀಟಿನ ಮೇಲೆ ಪತ್ರವಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ. ತಿಪ್ಪೇಸ್ವಾಮಣ್ಣ ಸಾಕ್ಷಿ ಹಾಕಿದರು, ಹೆಸರಿನ ಮುಂದೆ ನಿವೃತ್ತ ಹವಾಲ್ದಾರ್ ಎಂದು ಬರೆದರು. ಅವ್ವನ ರೊಟ್ಟಿಯನ್ನು ಮೂವರೂ ತಿಂದೆವು. ತಿಪ್ಪೇಸ್ವಾಮಣ್ಣ ನಿದ್ದೆಗೆಟ್ಟಿದ್ದರು. ಅವರನ್ನು ಮನೆಗೆ ಕಳಿಸಿ, ನಾನು ಹೊಸದುರ್ಗದ ಕಡೆಗೆ ಅರ್ಧ ಕಿಲೋಮೀಟರ್ ನಡೆದು ಊರಿನ ಕ್ರಾಸಿನಲ್ಲಿ ಬಸ್ಸಿಗೆ ನಿಂತೆ.

ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸು ಬಹಳ ಹೊತ್ತು ಕಾಯಿಸಿ ಬಂದಾಗ ಒಂದೂಮುಕ್ಕಾಲು. ಹತ್ತಿ ಕೂತು ಎರಡು ನಿಮಿಷವಾಗಿರಲಿಲ್ಲ, ಬಸ್ಸು ನಿಂತಿತು. ರಸ್ತೆ ತುಂಬ ಕುರಿ. ಅಪ್ಪ ಮಂದೆಯನ್ನು ಕೆರೆಗೆ ದಾಟಿಸುತ್ತಿದ್ದ. ಡ್ರೈವರ್ ಹಾರನ್ ಒತ್ತಿ ಹಿಡಿದ. ಕಂಡಕ್ಟರ್ ಬಾಗಿಲಿನಿಂದ, "ಏನಪ್ಪ, ರಸ್ತೆ ನಿಮ್ಮಜ್ಜಂದಾ?" ಎಂದು ಕೂಗಿದರು. ನಾನು ಗಡಿಯಾರ ನೋಡಿಕೊಂಡು, ಅಪ್ಪನನ್ನು ಬಲ್ಲವಳಾಗಿ, ಸುಮ್ಮನೆ ಕೂತೆ.

ಅಪ್ಪ ತಿರುಗಿ ಬಸ್ಸಿನ ಬೋರ್ಡು ನೋಡಿದ. ಕಿಟಕಿಗಳ ಮೇಲೆ ಕಣ್ಣಾಡಿಸಿ ನನ್ನನ್ನು ಕಂಡ. ಆಮೇಲೆ ಮಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕಂಬಳಿಯನ್ನು ಸೊಂಟಕ್ಕೆ ಸುತ್ತಿ, ಮಂದೆಯ ನಡುವೆ ನುಗ್ಗಿ, ಕೋಲಿನಿಂದ ನೆಲ ಬಡಿಯುತ್ತಾ ಕುರಿಗಳನ್ನು ಎರಡೂ ಬದಿಗೆ ಓಡಿಸಿದ. ಅವಸರ ಎಂದರೇನೆಂದು ತಿಳಿಯದ ಕುರಿಗಳು ಗಾಬರಿಬಿದ್ದು ಒಂದರ ಮೇಲೊಂದು ಹತ್ತಿದವು.

"ನಡೀರಿ, ನಡೀರಿ, ಬಸ್ಸು ಬಿಡ್ರಿ!" ಎಂದು ಡ್ರೈವರಿಗೆ ಕೂಗಿದ. "ಒಳಗೆ ನನ್ ಮಗಳು ಅವಳೆ. ಮಿಲ್ಟ್ರಿ ಆಫೀಸರ್ರು. ನಾಕು ಗಂಟೆ ಒಳಗೆ ದುರ್ಗ ಮುಟ್ಟಿಸ್ಬೇಕು!"

ನಲವತ್ತು ತಲೆಗಳು ನನ್ನ ಕಡೆ ತಿರುಗಿದವು. ಈ ಸಲ ನಾನು ತಲೆ ತಗ್ಗಿಸಲಿಲ್ಲ. ಹಿಂದಿನ ಗಾಜಿನಲ್ಲಿ ಅಪ್ಪ ತಿರುವಿನವರೆಗೂ ಕಂಡ. ಕುರಿಗಳು ಮತ್ತೆ ರಸ್ತೆ ತುಂಬಿಕೊಂಡಿದ್ದವು.

ಡ್ರೈವರ್ ಹೊಳಲ್ಕೆರೆಯಲ್ಲಿ ಟೀ ಕುಡಿಯಲೂ ಇಳಿಯಲಿಲ್ಲ. ಮೂರೂ ಇಪ್ಪತ್ತಕ್ಕೆ ನಾನು ಅಂಚೆ ಕಚೇರಿಯ ಅದೇ ಕೌಂಟರಿನಲ್ಲಿದ್ದೆ. ಗುಮಾಸ್ತರು ಲಕೋಟೆ ತೂಗಿ, ತಲೆ ಎತ್ತದೆ, "ಎಲ್ಲಿಗೆ?" ಎಂದರು.

"ಚೆನ್ನೈಗೆ" ಎಂದೆ.

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಮಾಸ್ತರು ಕಿವಿ ಉಜ್ಜಿಕೊಂಡು, "ನಿಧಾನಕ್ಕಮ್ಮ" ಎಂದು ಮೊಹರು ಒತ್ತಿದರು.